ಓದುಗರ ಪ್ರಶ್ನೆ, ಅಕ್ಕನ ಉತ್ತರ: "ಅಮ್ಮ ಶುರು ಮಾಡಿದ್ರು"

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಮನೆ ವಿಷಯಾನೇ. ಮಕ್ಕಳು, ಅಡುಗೆಮನೆ, ಅಣ್ಣತಮ್ಮಂದಿರ ಜಗಳ, ಇದರ ಮಧ್ಯೆ ನಮ್ಮ ಕ್ರೈಸ್ತ ವಿಶ್ವಾಸಕ್ಕೆ ಏನು ಕೆಲಸ ಅಂತ. ನಾಲ್ಕು ಪತ್ರ ಆರಿಸ್ಕೊಂಡಿದೀನಿ, ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ.

ಅಕ್ಕಾ, ನನಗೆ ಇಬ್ರು ಮಕ್ಕಳು, ಮಗಳು ಎಂಟನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಧ್ಯಾನಕೂಟದಲ್ಲಿ ದಿನನಿತ್ಯದ ಸಣ್ಣಪುಟ್ಟ ಘಟನೆಗಳಲ್ಲೇ ದೇವರ ಪಾಠ ಹುಡುಕಿ ಮಕ್ಕಳಿಗೆ ಹೇಳಿ ಅಂದಿದ್ರು. ನಾನೂ ಟ್ರೈ ಮಾಡ್ತಿದೀನಿ. ಮೊನ್ನೆ ಮಗನ ಜಾಮಿಟ್ರಿ ಬಾಕ್ಸ್ ಕಳೆದು ಸಿಕ್ತು, ಕಳೆದುಹೋದ ಕುರಿ ಕಥೆ ತೆಗೆದೆ, ಮಗಳು "ಅಮ್ಮ ಶುರು ಮಾಡಿದ್ರು" ಅಂತ ಎದ್ದೇ ಹೋದ್ಲು. ರಾತ್ರಿ ಜಪಸರಕ್ಕೆ (ಮಣಿಸರ ಹಿಡಿದು ಮಾಡೋ ಪ್ರಾರ್ಥನೆ) ಕೂತ್ರೆ ಇವನು ತೂಕಡಿಸ್ತಾನೆ, ಅವಳು ಮೊಬೈಲ್ ನೋಡ್ತಾಳೆ. ಏನ್ ಮಾಡ್ಲಿ? (ಸಾಗರ)

ಮಗಳು ಎದ್ದು ಹೋಗಿದ್ದಕ್ಕೆ ಬೇಜಾರ್ ಮಾಡ್ಕೋಬೇಡಿ, ನನಗೇನೋ ಅವಳು ಅರ್ಧ ಸರಿ ಅನ್ಸುತ್ತೆ. ಹುಡುಗಂಗೆ ಬಾಕ್ಸ್ ಸಿಕ್ಕಿದೆ, ನಾಳೆ ಸ್ಕೂಲಲ್ಲಿ ಬೈಸ್ಕೊಳೋದು ತಪ್ತು, ಆ ಹೊತ್ತಿಗೆ ಅವನಿಗೆ ಬೇಕಿದ್ದಿದ್ದು ಜೊತೇಲಿ ಖುಷಿಪಡೋಕೆ ಒಬ್ರು, ನೀವು ಅಷ್ಟರಲ್ಲಿ ಅದನ್ನ ಪಾಠ ಮಾಡ್ಬಿಟ್ರಿ. ಲೂಕನ ಶುಭಸಂದೇಶ 15ನೇ ಅಧ್ಯಾಯ ತೆಗೆದು ನೋಡಿ. ಕುರಿ ಕಥೆ ಆದ್ಮೇಲೆ ಅಲ್ಲೊಬ್ಬಳು ಹೆಂಗಸು ಬರ್ತಾಳೆ, ಹತ್ತು ಬೆಳ್ಳಿ ನಾಣ್ಯದಲ್ಲಿ ಒಂದನ್ನ ಕಳ್ಕೊಂಡೋಳು, ದೀಪ ಹಚ್ಚಿ ಮನೆಯೆಲ್ಲಾ ಗುಡಿಸಿ ಹುಡುಕ್ತಾಳೆ, ಸಿಕ್ಕಿದ ತಕ್ಷಣ ಅಕ್ಕಪಕ್ಕದವರನ್ನೆಲ್ಲಾ ಕರೆದು ನನ್ ಜೊತೆ ಖುಷಿಪಡಿ ಅಂತಾಳೆ, ಅಷ್ಟೇ. ಯಾರನ್ನೂ ಕೂರಿಸ್ಕೊಂಡು ಇದರಿಂದ ನಾವು ಕಲಿಯೋದೇನಂದ್ರೆ ಅಂತ ಶುರು ಹಚ್ಕೊಳಲ್ಲ. ಅರ್ಥ ಹೇಳಿದ್ದು ಯೇಸು, ಅದೂ ಒಂದೇ ಒಂದು ವಾಕ್ಯದಲ್ಲಿ, ಅದೂ ಯಾರಿಗೆ? ಇವನು ಪಾಪಿಗಳ ಜೊತೆ ಕೂತು ಊಟ ಮಾಡ್ತಾನೆ ಅಂತ ಗೊಣಗ್ತಿದ್ದ ಫರಿಸಾಯರಿಗೆ, ಅಂದ್ರೆ ಧರ್ಮದ ನಿಯಮದಲ್ಲಿ ತುಂಬಾ ಕಟ್ಟುನಿಟ್ಟಾಗಿದ್ದ ಯೆಹೂದ್ಯರಿಗೆ. ದೊಡ್ಡೋರಿಗೆ ಹೇಳಿದ ಮಾತನ್ನ ನಾವು ತಂದು ನಾಲ್ಕನೇ ಕ್ಲಾಸ್ ಹುಡುಗನ ತಲೆ ಮೇಲೆ ಹೊರಿಸ್ತೀವಿ.

ಮೊದ್ಲು ಖುಷಿ, ಕಥೆ ಆಮೇಲೆ. ಅದೇ ದಿನ ಹೇಳ್ಬೇಕು ಅಂತೇನಿಲ್ಲ, ಒಂದು ವಾರ ಬಿಟ್ಟು ಮಲಗೋ ಹೊತ್ತಲ್ಲಿ ಹೇಳಿ, ಪೂರ್ತಿ ಕಥೆಯಾಗಿ ಹೇಳಿ, "ಆದ್ದರಿಂದ" ಅನ್ನೋ ಜಾಗ ಬಂದಾಗ ಬಾಯಿ ಮುಚ್ಕೊಳ್ಳಿ. ಜಾಮಿಟ್ರಿ ಬಾಕ್ಸ್ ನೆನಪು ಅವನಿಗೇ ಬರುತ್ತೆ. ಬರ್ಲಿಲ್ಲ ಅಂದ್ರೂ ಏನೂ ನಷ್ಟ ಇಲ್ಲ.

ಧ್ಯಾನಕೂಟದವರು ಹೇಳಿದ್ದು ತಪ್ಪು ಅಂತಿಲ್ಲ ನಾನು. ಬೈಬಲಿನ ಧರ್ಮೋಪದೇಶಕಾಂಡ 6ನೇ ಅಧ್ಯಾಯದಲ್ಲಿ ಮನೇಲಿ ಕೂತಿರುವಾಗ, ದಾರೀಲಿ ನಡೆಯುವಾಗ, ಮಲಗುವಾಗ, ಏಳುವಾಗ ಈ ಮಾತುಗಳನ್ನ ಮಕ್ಕಳಿಗೆ ಹೇಳಿಕೊಡಿ ಅಂತ ಇದೆಯಲ್ಲ, ಅವರು ಅಲ್ಲಿಂದಲೇ ತಗೊಂಡಿರ್ಬೇಕು. ಆದ್ರೆ ಎಲ್ರೂ ಆ 7ನೇ ವಚನ ಓದಿ ಅಲ್ಲೇ ನಿಲ್ಲಿಸ್ತಾರೆ. ಅದರ ಹಿಂದಿನ ವಚನದಲ್ಲಿ ಈ ಮಾತುಗಳು ಮೊದ್ಲು ನಿನ್ನ ಹೃದಯದಲ್ಲಿರಲಿ ಅಂತಿದೆ, ಅದು ನಮಗೆ, ಮಕ್ಕಳಿಗಲ್ಲ. ಇನ್ನೂ ಮುಂದಕ್ಕೆ ಹೋಗಿ 20ನೇ ವಚನ ಓದಿ, ಮುಂದೆ ಯಾವತ್ತಾದ್ರೂ ನಿನ್ನ ಮಗ ಇದಕ್ಕೆಲ್ಲಾ ಏನರ್ಥ ಅಂತ ಕೇಳಿದ್ರೆ ಆಗ ಹೇಳು ಅಂತ ಇದೆ. ಅಲ್ಲಿ ಹೇಳ್ಬೇಕಾದ ಉತ್ತರಾನೂ ನೋಡಿ, ನಾವು ಈಜಿಪ್ಟಲ್ಲಿ ಫರೋಹನ ಗುಲಾಮರಾಗಿದ್ವಿ, ದೇವರು ಅಲ್ಲಿಂದ ಹೊರಗೆ ಕರ್ಕೊಂಡ್ ಬಂದ ಅಂತ, ನಿಯಮ ಗಿಯಮ ಆಮೇಲೆ, ಮೊದ್ಲು ಮನೆತನದ ಕಥೆ. ಅಂದ್ರೆ ಮಕ್ಕಳು ಕೇಳೋ ಹಾಗೆ ಮಾಡೋದು ದೊಡ್ಡೋರ ಕೆಲಸ.

ಅದು ಹೇಗೆ ಅಂತೀರಾ? ತೆನೆಹಬ್ಬ ಇದೆಯಲ್ಲ, ಸೆಪ್ಟೆಂಬರ್ 8, ಮಾತೆ ಮರಿಯಳ ಜನನದ ಹಬ್ಬ, ನಮ್ಮ ಕೊಂಕಣಿ ಮನೆಗಳಲ್ಲಿ ಮೊಂತಿ ಫೆಸ್ತ್. ಚರ್ಚಿಂದ ಆಶೀರ್ವಾದ ಮಾಡಿಸ್ಕೊಂಡು ಬಂದ ತೆನೆಯಿಂದ ನಾಲ್ಕು ಕಾಳು ಬಿಡಿಸಿ ಹಾಲಿಗೋ ಪಾಯಸಕ್ಕೋ ಹಾಕಿ ಮನೆ ಹಿರಿಯರು ಎಲ್ರಿಗೂ ಕೊಡ್ತಾರೆ, ಅವತ್ತು ಮೀನು ಮಾಂಸ ಇಲ್ಲ. ಮಳೆ ಸುರಿಯೋ ಸೆಪ್ಟೆಂಬರಲ್ಲಿ ಮೀನು ಸಾರಿಲ್ಲ ಅಂದ್ರೆ ಯಾವ ಮಗು ಯಾಕೆ ಅಂತ ಕೇಳಲ್ಲ ಹೇಳಿ! ದೂರದಲ್ಲಿರೋ ಚಿಕ್ಕಪ್ಪನ ಪಾಲು ಅಂತ ಒಂಚೂರು ತೆಗೆದಿಟ್ರೆ ಇನ್ನೊಂದು ಪ್ರಶ್ನೆ. ಆಮೇಲೆ ಪಕ್ಕದ ಮನೆಯವರು ಭೂಮಿ ಹುಣ್ಣಿಮೆಗೆ ಗದ್ದೆಗೆ ಚರಗ (ಭೂಮಿಗೆ ಎಡೆ) ಚೆಲ್ಲೋಕೆ ಹೋಗೋದನ್ನ ನೋಡಿ ಅವರದ್ದೂ ನಮ್ಮದೂ ಒಂದೇನಾ ಅಂತ ಕೇಳ್ತಾವೆ. ಕೇಳ್ಲಿ, ಗೊತ್ತಿದ್ದಷ್ಟು ಹೇಳಿ, ಅವರ ಹಬ್ಬದ ಬಗ್ಗೆ ಮರ್ಯಾದೆಯಿಂದ ಹೇಳಿ.

ಜಪಸರದ ವಿಷಯ. ಹೋಮ್‌ವರ್ಕ್ ಮುಗಿಸಿ ಊಟ ಮಾಡಿ ಒಂಬತ್ತು ಗಂಟೆಗೆ ಐದು ದಶಕ (ಹತ್ತು ಮಣಿಗೆ ಒಂದು ದಶಕ), ಆಮೇಲೆ ಪ್ರಾರ್ಥನಾಮಾಲೆ, ನಾನಾದ್ರೂ ತೂಕಡಿಸ್ತೀನಿ ಮಾರಾಯ್ರೆ. ಊಟಕ್ಕೆ ಮುಂಚೆ ಒಂದೇ ದಶಕ ಮಾಡಿ, ಸಾಕು. ಇವತ್ತು ಯಾರಿಗೋಸ್ಕರ ಅಂತ ಮಕ್ಕಳೇ ಹೇಳ್ಲಿ, ಮಗ ಹುಷಾರಿಲ್ಲದ ನಾಯಿಮರಿಗೆ ಅಂದ್ರೂ ಒಪ್ಕೊಳ್ಳಿ. ಮೊಬೈಲ್ ಎಲ್ರದ್ದೂ ಬೇರೆ ರೂಮಲ್ಲಿ, ನಿಮ್ಮ ಯಜಮಾನ್ರದ್ದೂ ಸೇರಿ (ಪತ್ರದಲ್ಲಿ ಅವರ ಸುದ್ದಿನೇ ಇಲ್ಲ, ಅವರು ಜಪಸರದ ಹೊತ್ತಲ್ಲಿ ಎಲ್ಲಿರ್ತಾರೆ?). ಜುಲೈ ಜಡಿಮಳೇಲಿ ನಿಮ್ಮ ಕಡೆ ಕರೆಂಟ್ ಹೋದ್ರೆ ಬೆಳಗಾದ್ರೂ ಬರಲ್ಲ, ಮೇಣದ ಬತ್ತಿ ಸುತ್ತ ಕೂರೋಕೆ ಅದಕ್ಕಿಂತ ಒಳ್ಳೆ ಹೊತ್ತಿಲ್ಲ, ಜಪ ಆದ್ಮೇಲೆ ಅಲ್ಲೇ ಕೂತು ನಿಮ್ಮ ಅಜ್ಜಿ ತಾತ ಘಟ್ಟದ ಕೆಳಗಿಂದ ಮೇಲೆ ಬಂದಿದ್ದು ಹೇಗೆ ಅಂತ ಹೇಳಿ, ಬಂದಿದ್ರೆ.

ಇನ್ನೊಂದು ಹೇಳಿ ಮುಗಿಸ್ತೀನಿ. ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬದ ಬಗ್ಗೆ ಬರೆದ ದೊಡ್ಡ ಪತ್ರದಲ್ಲಿ ಮನೆಗೆ ಮೂರು ಮಾತು ಬೇಕೇ ಬೇಕು ಅಂದ್ರು, ಮಾಡ್ಲಾ ಅಂತ ಕೇಳೋದು, ಥ್ಯಾಂಕ್ಸ್ ಅನ್ನೋದು, ಸಾರಿ ಅನ್ನೋದು. ನಮ್ಮ ಮನೆಗಳಲ್ಲಿ ಮೂರನೇದನ್ನ ಮಕ್ಕಳ ಬಾಯಲ್ಲಿ ಮಾತ್ರ ಹೇಳಿಸ್ತೀವಿ. ಬೆಳಿಗ್ಗೆ ಅವಸರದಲ್ಲಿ ಮಗಳಿಗೆ ಸುಮ್ಮಸುಮ್ಮನೆ ಬೈದಿದ್ರೆ ಸಾಯಂಕಾಲ ಅವಳ ಹತ್ರ ಹೋಗಿ ಸಾರಿ ಕಣೇ ಅನ್ನಿ. ಎಂಟನೇ ಕ್ಲಾಸಿನ ಹುಡುಗಿ ಆ ಮಾತಿಗೆ ಎದ್ದು ಹೋಗಲ್ಲ.

ಹೋಟೆಲಲ್ಲಿ ಊಟಕ್ಕೆ ಮುಂಚೆ ಶಿಲುಬೆ ಗುರುತು ಹಾಕು ಅಂದ್ರೆ ಮಗ ನಾಚ್ಕೋತಾನೆ, ಕಾಲೇಜು ಹುಡುಗ. ಇದು ವಿಶ್ವಾಸ ಕಮ್ಮಿ ಆಗಿರೋ ಲಕ್ಷಣಾನಾ? (ಶಿವಮೊಗ್ಗ)

ಇಲ್ಲ, ವಯಸ್ಸಿನ ಲಕ್ಷಣ. ನೀವು ಹಾಕಿ, ಅವನಿಗೆ ಹೇಳ್ಬೇಡಿ. ಬಾಗಿಲು ಹಾಕ್ಕೊಂಡು ಗುಟ್ಟಾಗಿ ಪ್ರಾರ್ಥನೆ ಮಾಡು ಅಂತ ಮತ್ತಾಯನ 6ನೇ ಅಧ್ಯಾಯದಲ್ಲಿ ಹೇಳಿದ್ದೂ ಯೇಸುನೇ. ನಾನಾಗಿದ್ರೆ ದೋಸೆ ತಂದುಕೊಟ್ಟ ಹುಡುಗನ ಜೊತೆ ಅವನು ಹೇಗೆ ಮಾತಾಡ್ತಾನೆ ಅಂತ ನೋಡ್ತಿದ್ದೆ.

ನಾನು ಕೆಲಸಕ್ಕೆ ಹೋಗೋಳು. ಭಾನುವಾರ ಎಲ್ರಿಗೂ ತಿಂಡಿ, ಅತ್ತೆಗೆ ಬಿಸಿನೀರು, ಮಧ್ಯಾಹ್ನಕ್ಕೆ ಕೋಳಿ ಸಾರು, ಎಷ್ಟೋ ಸಲ ಚರ್ಚಿನ ಪೂಜೆಗೆ ಲೇಟಾಗುತ್ತೆ ಇಲ್ಲ ತಪ್ಪೇ ಹೋಗುತ್ತೆ. ಯೇಸು ಮನೆಗೆ ಬಂದಾಗ ಒಡಹುಟ್ಟಿದ ಮರಿಯ ಅವರ ಮಾತು ಕೇಳ್ತಾ ಕೂತ್ರೆ ಒಬ್ಬಳೇ ಕೆಲಸದಲ್ಲಿ ಒದ್ದಾಡಿದ ಮಾರ್ತಾಳ ಕಥೆ ಓದಿದಾಗೆಲ್ಲ ನನಗೇ ಬೈದ ಹಾಗೆ ಅನ್ಸುತ್ತೆ. ಅಡುಗೆಮನೇಲಿರೋದು ತಪ್ಪಾ ಅಕ್ಕಾ? (ಭದ್ರಾವತಿ)

ತಪ್ಪೇನಿಲ್ಲಮ್ಮ. ಯೇಸು ಮಾರ್ತಾಗೆ ನೀನು ಯಾಕೆ ಅಡುಗೆ ಮಾಡ್ತಿದೀಯ ಅನ್ಲಿಲ್ಲ, ಎಷ್ಟೊಂದು ವಿಷಯಕ್ಕೆ ತಲೆ ಕೆಡಿಸ್ಕೊಂಡಿದೀಯ ಅಂದ್ರು, ಎರಡೂ ಒಂದೇ ಅಲ್ಲ. ಇನ್ನೊಂದು, ಮಾರ್ತಾ ಅಂದ್ರೆ ಲೂಕನ 10ನೇ ಅಧ್ಯಾಯ ಮಾತ್ರ ಅಲ್ಲ. ಯೊವಾನ್ನನ 11ನೇ ಅಧ್ಯಾಯದಲ್ಲಿ ಒಡಹುಟ್ಟಿದ ಲಾಜರ ತೀರ್ಕೊಂಡಾಗ ಯೇಸು ಬರ್ತಿದಾರೆ ಅಂತ ಗೊತ್ತಾಗಿ ಎದ್ದು ಎದುರಿಗೆ ಹೋದೋಳು ಮಾರ್ತಾ, ಮರಿಯ ಮನೇಲೇ ಕೂತಿದ್ಲು. ನೀವು ಕ್ರಿಸ್ತ, ದೇವಪುತ್ರ ಅಂತ ಯೇಸುವಿನ ಶಿಷ್ಯ ಪೇತ್ರ ಹೇಳಿದಂಥದ್ದೇ ಮಾತನ್ನ ಅವತ್ತು ಬಾಯಿಬಿಟ್ಟು ಹೇಳಿದ್ದು ಈ ಅಡುಗೆಮನೆ ಹೆಂಗಸೇ. ಮುಂಚೆ ಚರ್ಚಲ್ಲಿ ಜುಲೈ 29 ಮಾರ್ತಾ ಒಬ್ಬಳ ಸ್ಮರಣೆ ಆಗಿತ್ತು, 2021ರಿಂದ ಮರಿಯ, ಲಾಜರನ್ನೂ ಸೇರಿಸಿ ಮೂವರದ್ದೂ ಒಂದೇ ದಿನ ಮಾಡಿದಾರೆ, ಒಡಹುಟ್ಟಿದ ಮೂವರ ಒಂದು ಮನೆ ಅಂತ.

ಆದ್ರೆ ನಿಮ್ಮ ಪತ್ರ ಓದಿದ್ರೆ ಇದು ಬೈಬಲ್ ಪ್ರಶ್ನೆನೇ ಅಲ್ಲ ಅನ್ಸುತ್ತೆ ನನಗೆ, ಕೆಲಸ ಹಂಚ್ಕೊಳೋ ಪ್ರಶ್ನೆ. ಫ್ರಾನ್ಸಿನ ಝೆಲಿ ಮಾರ್ಟಿನ್ ಅಂತ ಒಬ್ಬರು ಸಂತರು, ಸಂತ ಚಿಕ್ಕ ತೆರೇಸಾ (ಮದರ್ ತೆರೇಸಾ ಅಲ್ಲ) ಇದಾರಲ್ಲ ಅವರ ತಾಯಿ. ಅಲಾನ್ಸೋನ್ ಊರಲ್ಲಿ ಲೇಸ್ ಹೆಣಿಯೋ ವ್ಯವಹಾರ ನಡೆಸ್ತಿದ್ರು, ಒಂಬತ್ತು ಹೆರಿಗೆ, ನಾಲ್ಕು ಮಕ್ಕಳನ್ನ ಮಣ್ಣು ಮಾಡಿದ್ರು, ಅವರ ಕಾಗದಗಳು ಉಳಿದಿವೆ, ಅದರ ತುಂಬಾ ಆರ್ಡರು, ಜ್ವರ, ಕೆಲಸದಾಳು, ಸುಸ್ತು ಇವೇ. ಗಂಡ ಲೂಯಿ ವಾಚ್ ರಿಪೇರಿ ಅಂಗಡಿ ಇಟ್ಟಿದ್ದೋರು, ಹೆಂಡತಿ ವ್ಯವಹಾರ ದೊಡ್ಡದಾದಾಗ ತಮ್ಮ ಅಂಗಡಿನ ಬೇರೆಯವರಿಗೆ ಬಿಟ್ಟುಕೊಟ್ಟು ಇವರ ಕೆಲಸಕ್ಕೇ ನಿಂತ್ರು. 2015ರಲ್ಲಿ ಇಬ್ಬರನ್ನೂ ಒಟ್ಟಿಗೆ ಸಂತರು ಅಂತ ಘೋಷಿಸಿದ್ರು, ಗಂಡ ಹೆಂಡತಿ ಜೋಡಿಯಾಗಿ ಹಾಗೆ ಆಗಿದ್ದು ಅದೇ ಮೊದಲು. ಈ ಪುಟನ ನಿಮ್ಮ ಯಜಮಾನ್ರ ಕಣ್ಣಿಗೆ ಬೀಳೋ ಕಡೆ ಇಡಿ. ಭಾನುವಾರದ ಅಕ್ಕಿ ರೊಟ್ಟಿ ಅವರು ತಟ್ಲಿ, ಎಂಟು ಗಂಟೆ ಪೂಜೆಗೆ ನೀವು ಹೋಗಿ. ರೊಟ್ಟಿ ಯಾವ ಶೇಪಿಗೆ ಬಂದ್ರೂ ತಿನ್ನಿ.

ನಾನು ಹಿರಿಯ ಮಗ, ಅಪ್ಪನ ಅಡಿಕೆ ತೋಟ ನೋಡ್ಕೊಂಡು ಇಲ್ಲೇ ಉಳಿದೋನು. ತಮ್ಮ ಬೆಂಗಳೂರಿಗೆ ಹೋಗಿ ಬಿಸಿನೆಸ್ ಅಂತ ಅಪ್ಪನ ಹತ್ರ ದುಡ್ಡು ತಗೊಂಡು ಎಲ್ಲಾ ಕಳ್ಕೊಂಡು ಸಾಲ ಮಾಡ್ಕೊಂಡು ವಾಪಸ್ ಬಂದಿದಾನೆ. ಅಪ್ಪ ಒಂದು ಮಾತೂ ಕೇಳ್ದೆ ಮನೆಗೆ ಸೇರಿಸ್ಕೊಂಡ್ರು. ಅದೇ ವಾರ ಚರ್ಚಲ್ಲಿ ದುಂದುಗಾರ ಮಗನ ಕಥೆ ಮೇಲೆ ಪ್ರಸಂಗ, ಆಸ್ತಿ ಪಾಲು ತಗೊಂಡು ಹಾಳು ಮಾಡಿ ವಾಪಸ್ ಬಂದ ಕಿರಿ ಮಗನನ್ನ ಅಪ್ಪ ಹಬ್ಬ ಮಾಡಿ ಸೇರಿಸ್ಕೊಂಡಿದ್ದು, ಅಣ್ಣ ಅಸೂಯೆಗಾರ ಅಂತ. ಎಲ್ರೂ ನನ್ನೇ ನೋಡಿದ ಹಾಗಾಯ್ತು. ಅಮ್ಮ ಇಲ್ಲ. ತಂಗಿ ಮದುವೆ ಆಗಿ ಮಂಗಳೂರಲ್ಲಿದಾಳೆ. ಈ ಕಥೆಯಿಂದ ನಾನೇನು ಕಲೀಬೇಕು? (ಹೊಸನಗರ)

ಮೊದ್ಲು ಒಂದು ಮಾತು, ನಿಮ್ಮ ಸಿಟ್ಟಿಗೆ ಕಾರಣ ಇದೆ. ಮಳೆ ಹಿಡಿಯೋಕೆ ಮುಂಚೆ ಬೋರ್ಡೋ ಔಷಧಿ ಹೊಡೆಸ್ಬೇಕು, ಮಳೆ ಬಿಡ್ಲಿಲ್ಲ ಅಂದ್ರೆ ಕೊಳೆರೋಗ ಬಂತು ಅಂತ ತೋಟದಲ್ಲಿ ಉದುರಿದ ಕಾಯಿ ನೋಡ್ಕೊಂಡು ನಿದ್ದೆ ಬರಲ್ಲ, ಅಡಿಕೆ ಕೊನೆ (ಗೊಂಚಲು) ತೆಗಿಯೋಕೆ ಆಳು ಸಿಗಲ್ಲ, ಸುಲಿಯೋದು, ಬೇಯಿಸೋದು, ಒಣಗಿಸೋದು, ಮಂಡಿಗೆ ಹಾಕೋದು, ಇದನ್ನೆಲ್ಲಾ ವರ್ಷಗಟ್ಟಲೆ ಮಾಡಿದೋನಿಗೆ ಯಾರೂ ಹಬ್ಬ ಮಾಡಲ್ಲ. ಕಥೆಯ ಅಣ್ಣನೂ ಅದನ್ನೇ ಹೇಳಿದ್ದು, ನನ್ನ ಗೆಳೆಯರ ಜೊತೆ ಊಟಕ್ಕೆ ಒಂದು ಆಡಿನ ಮರಿನೂ ಕೊಡ್ಲಿಲ್ವಲ್ಲ ನೀನು ಅಂತ. ಅಪ್ಪ ಅದಕ್ಕೆ ಅಸೂಯೆಗಾರ ಅಂತ ಬೈದ್ರಾ? ಇಲ್ಲ. ಹಬ್ಬದ ಮನೆ ಬಿಟ್ಟು ಹೊರಗೆ ಬಂದು ಅವನನ್ನ ಬೇಡ್ಕೊಂಡ್ರು. ಕಿರಿಯವನಿಗೋಸ್ಕರ ಓಡಿ ಹೋದದ್ದು ಎಲ್ರಿಗೂ ನೆನಪಿರುತ್ತೆ, ದೊಡ್ಡವನಿಗೋಸ್ಕರನೂ ಅದೇ ಅಪ್ಪ ಎದ್ದು ಹೊರಗೆ ಬಂದ್ರು ಅನ್ನೋದನ್ನ ಪ್ರಸಂಗದಲ್ಲಿ ಯಾರೂ ಒತ್ತಿ ಹೇಳಲ್ಲ. ಮಗನೇ, ನೀನು ಯಾವಾಗಲೂ ನನ್ನ ಜೊತೆಲೇ ಇದೀಯ, ನನ್ನದೆಲ್ಲಾ ನಿನ್ನದೇ ಅಂದ್ರು. ನಿಮ್ಮ ಅಪ್ಪ ಆ ಮಾತು ಇನ್ನೂ ಹೇಳಿಲ್ಲ ಅನ್ಸುತ್ತೆ. ನಮ್ಮ ಮಲ್ನಾಡ್ ಅಪ್ಪಂದಿರು ಹೇಳೋ ಪೈಕಿ ಅಲ್ಲ, ನೀವೇ ಕೇಳ್ಬೇಕು. ತಮ್ಮನ ಎದುರಿಗೆ ಬೇಡ, ತೋಟದಲ್ಲಿ ಇಬ್ಬರೇ ಇರೋವಾಗ ಕೇಳಿ.

ಇನ್ನು ಪಾಲಿನ ವಿಷಯ, ಪತ್ರದಲ್ಲಿ ನೀವು ಬರೀದಿದ್ರೂ ಒಳಗೆ ಕೊರೀತಿರೋದು ಅದೇ. ಅದನ್ನ ಈ ಕಥೆಯಿಂದ ಬಗೆಹರಿಸೋಕೆ ಹೋಗ್ಬೇಡಿ. ಆಸ್ತಿ ಪಾಲು ಮಾಡಿಕೊಡೋಕೆ ನನ್ನ ಅಣ್ಣನಿಗೆ ಹೇಳಿ ಅಂತ ಒಬ್ಬ ಯೇಸು ಹತ್ರಾನೇ ಬಂದಿದ್ದ, ಲೂಕ 12ರಲ್ಲಿದೆ, ನಿಮಗೆ ಪಾಲು ಹಂಚೋಕೆ ನನ್ನನ್ನ ನೇಮಿಸಿದೋರು ಯಾರು ಅಂತ ಕೇಳಿ ಕಳಿಸಿದ್ರು. ಕ್ರೈಸ್ತರಿಗೆ ಅನ್ವಯ ಆಗೋದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಹುಟ್ಟಿದ ತಕ್ಷಣ ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಅನ್ನೋದು ಇದರಲ್ಲಿಲ್ಲ, ಅಪ್ಪ ಬದುಕಿರೋತನಕ ಅವರ ಹೆಸರಿನ ತೋಟ ಅವರದ್ದೇ, ವಿಲ್ ಬರೆದು ಯಾರಿಗೆ ಬೇಕಾದ್ರೂ ಕೊಡಬಹುದು. ವಿಲ್ ಬರೀದೆ ಹೋದ್ರೆ, ತಾಯಿನೂ ಇಲ್ಲದಿರೋದ್ರಿಂದ, ಮಕ್ಕಳೆಲ್ಲರಿಗೂ ಸಮಪಾಲು, ತೋಟದಲ್ಲಿ ದುಡಿದೋನು ದುಡಿಯದೋನು ಅಂತ ಕಾಯ್ದೆ ನೋಡಲ್ಲ. ಅದಕ್ಕೇ ಅಪ್ಪ ಗಟ್ಟಿಯಾಗಿರೋವಾಗಲೇ ಎಲ್ರೂ ಕೂತು, ತಮ್ಮ ಈಗಾಗ್ಲೇ ತಗೊಂಡಿದ್ದೆಷ್ಟು, ನಿಮ್ಮ ದುಡಿಮೆಗೆ ಏನು ಅಂತ ಮಾತಾಡಿ, ವಕೀಲರ ಹತ್ರ ಹೋಗಿ ವಿಲ್ ಬರೆಸಿ.

ಎಲ್ರೂ ಅಂದ್ರೆ ತಂಗಿನೂ. ಇಡೀ ಪತ್ರದಲ್ಲಿ ಅವಳಿಗೆ ನೀವು ಕೊಟ್ಟಿರೋದು ಒಂದೇ ಸಾಲು. ಸಮಪಾಲು ಅಂದಾಗ ಅದರಲ್ಲಿ ಅವಳದ್ದೂ ಒಂದಿದೆ, ಮದುವೆ ಆಗಿ ಹೋದ್ರೂ ಅದು ಹೋಗಲ್ಲ, ಮಂಗಳೂರಿಗೆ ಮೊದಲು ಫೋನ್ ಮಾಡಿ.