ನೋಡುವುದು ಮತ್ತು ನೋಡಿಕೊಳ್ಳುವುದು

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪತ್ನಿಯನ್ನು ಕಳೆದುಕೊಂಡ ಮೇಲೆ ನಿದ್ದೆ ಕೆಟ್ಟು, ವೈದ್ಯರ ಸಲಹೆಯಂತೆ ದಿನವೂ ಊರ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೀರಿ. ಆದರೆ ದಡದ ಕಸವನ್ನೂ ನೀರನ್ನು ಮುಚ್ಚಿರುವ ಕಳೆಯನ್ನೂ ಕಂಡು, ಹೋಗುವಾಗ ಇದ್ದುದಕ್ಕಿಂತ ಹೆಚ್ಚು ಕುಗ್ಗಿ ಮನೆಗೆ ಮರಳುತ್ತೀರಿ. ಪ್ರಕೃತಿಯ ನಡುವೆ ಮನಸ್ಸಿಗೆ ನೆಮ್ಮದಿ ಸಿಗುತ್ತದೆಂದು ನಮ್ಮ ಕಳೆದ ಸಂಚಿಕೆಯ ಲೇಖನ ಹೇಳಿದ್ದು, ಮಲೆನಾಡಿಗೆ ಹೋಗಿ ನಾಲ್ಕು ದಿನ ತಂಗಬಲ್ಲವರಿಗೆ ಮಾತ್ರ ಸಲ್ಲುವ ಮಾತಲ್ಲವೇ ಎಂದು ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದು. ಆ ಲೇಖನ ಪ್ರಕೃತಿಯನ್ನು ನೋಡುವುದರ ಬಗ್ಗೆ ಹೇಳಿತು. ನೋಡಿಕೊಳ್ಳುವುದರ ಬಗ್ಗೆ ಹೇಳಲಿಲ್ಲ.

ನೋಡುವುದರಿಂದ ಪ್ರಯೋಜನವಿಲ್ಲವೆಂದಲ್ಲ. ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ, ಕಿಟಕಿಯಾಚೆ ಇಟ್ಟಿಗೆ ಗೋಡೆಯನ್ನು ಕಾಣುತ್ತಿದ್ದವರಿಗಿಂತ ಮರಗಳನ್ನು ಕಾಣುತ್ತಿದ್ದವರು ಬೇಗ ಚೇತರಿಸಿಕೊಂಡರೆಂದು ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿಯೇ ತೋರಿಸಿದ್ದರು. ಆದರೆ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು, 2018ರಲ್ಲಿ ಪ್ರಕಟವಾದ ಅಮೆರಿಕದ ಫಿಲಡೆಲ್ಫಿಯಾ ನಗರದ ಅಧ್ಯಯನ. ಅಲ್ಲಿ 541 ಪಾಳು ನಿವೇಶನಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದು ಗುಂಪಿನವುಗಳಲ್ಲಿ ಕಸ ತೆಗೆದು, ಹುಲ್ಲು ಬೆಳೆಸಿ, ಕೆಲವು ಮರಗಳನ್ನು ನೆಟ್ಟು, ಗಿಡ್ಡ ಬೇಲಿ ಹಾಕಿ, ಆಮೇಲೂ ನಿಗಾ ವಹಿಸಿದರು, ಎರಡನೆಯ ಗುಂಪಿನಲ್ಲಿ ಕಸವನ್ನಷ್ಟೇ ತೆಗೆದರು, ಮೂರನೆಯದನ್ನು ಮುಟ್ಟಲಿಲ್ಲ. ಹಸಿರಾದ ನಿವೇಶನಗಳ ಸುತ್ತ ವಾಸಿಸುವವರಲ್ಲಿ ಖಿನ್ನತೆ ಕಾಡುತ್ತಿದೆ ಎನ್ನುವವರ ಪ್ರಮಾಣ, ಮುಟ್ಟದೆ ಬಿಟ್ಟ ನಿವೇಶನಗಳ ಸುತ್ತಲಿನವರಿಗೆ ಹೋಲಿಸಿದರೆ, ಶೇ. 41.5ರಷ್ಟು ಇಳಿದಿತ್ತು. ಕಸ ತೆಗೆದಷ್ಟರಿಂದ ಅಂಥ ಬದಲಾವಣೆ ಕಾಣಲಿಲ್ಲ. ಅವರು ಯಾರೂ ಊರು ಬಿಟ್ಟು ಬೆಟ್ಟಕ್ಕೆ ಹೋದವರಲ್ಲ ಎಂಬುದನ್ನು ಗಮನಿಸಿ. ಹಾಗೆಯೇ, ಹಾಳುಬಿದ್ದ ಕೆರೆಯನ್ನು ಕಂಡು ನಿಮ್ಮ ಮನಸ್ಸು ಕುಗ್ಗುವುದು ದೌರ್ಬಲ್ಯವೆಂದು ದಯವಿಟ್ಟು ತಿಳಿಯಬೇಡಿ.

ಅದು ಯಾರೋ ಆರೈಕೆ ಮಾಡಿದ ಜಾಗದ ಪಕ್ಕದಲ್ಲಿ ಬದುಕಿದವರ ಮಾತಾಯಿತು. ತಾವೇ ಆರೈಕೆ ಮಾಡುವವರ ಮಾತು ಬೇರೆ. ದುಃಖದಲ್ಲಿರುವ ಮನಸ್ಸು ತನ್ನ ಸುತ್ತಲೇ ಗಾಣದ ಎತ್ತಿನಂತೆ ತಿರುಗುತ್ತಿರುತ್ತದೆ. ‘ಸುಮ್ಮನೆ ನಡೆಯಿರಿ’ ಎಂದರೆ ನಡೆಯುತ್ತಲೂ ತಿರುಗುತ್ತದೆ. ಸಸಿಗೆ ಇಂದೇ ನೀರು ಬೇಕು, ಮೇಕೆ ಬಾಯಿ ಹಾಕುವ ಮುಂಚೆ ಮುಳ್ಳು ಕಟ್ಟಬೇಕು ಎಂಬಂಥ ಕೆಲಸವಿದ್ದರೆ ಅದು ಹೊರಗಿನಿಂದ ಕರೆಯುತ್ತದೆ. ಖಿನ್ನತೆಯ ಚಿಕಿತ್ಸೆಯಲ್ಲಿಯೂ, ಉತ್ಸಾಹ ಬರಲೆಂದು ಕಾಯದೆ ಸಣ್ಣ ಕೆಲಸಗಳನ್ನು ಹೊತ್ತು ಗೊತ್ತುಮಾಡಿಕೊಂಡು ಮಾಡಿಸುವ ಕ್ರಮವಿದೆ.

ಮಕ್ಕಳಿಲ್ಲದ ಕೊರಗನ್ನು ಹೊತ್ತ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ, ಮಾಗಡಿ ತಾಲ್ಲೂಕಿನ ಹುಲಿಕಲ್ ಮತ್ತು ಕುದೂರಿನ ನಡುವಿನ ರಸ್ತೆಯಲ್ಲಿ 385 ಆಲದ ಮರಗಳನ್ನು ಬೆಳೆಸಿದ್ದು ನಮಗೆಲ್ಲ ಗೊತ್ತು. ಅವರಿಗೆ 2019ರಲ್ಲಿ ಬಂದ ಪದ್ಮಶ್ರೀಯನ್ನು ನಾವು ಹೆಚ್ಚು ನೆನೆಯುತ್ತೇವೆ. ನನ್ನ ಮನಸ್ಸು ಮಾತ್ರ ಕೂಲಿಯ ದುಡಿಮೆಯ ನಡುವೆಯೂ ಆ ಇಬ್ಬರು ಬಿಂದಿಗೆಗಳಲ್ಲಿ ಹೊತ್ತ ನೀರಿನ ಕಡೆಗೇ ಹೋಗುತ್ತದೆ.

ಹಾಗೆಂದು ಇಡೀ ಕೆರೆಯನ್ನು ಹೆಗಲಿಗೆ ಹಾಕಿಕೊಳ್ಳಬೇಡಿ. ನೀರಿನ ಮೇಲಿನ ಕಳೆ ಊರಿನ ಕೊಳಚೆಯನ್ನು ಉಂಡು ಬೆಳೆಯುವಂಥದ್ದು. ರಾಜಕಾಲುವೆಗೆ ಬರುವ ಕೊಳಚೆ ನಿಲ್ಲದೆ ಒಬ್ಬರು ಕೀಳುತ್ತಾ ಕುಳಿತರೆ ಸೋಲು ನಿಶ್ಚಿತ, ಮತ್ತು ಆ ಸೋಲು ಈಗ ನಿಮಗೆ ಬೇಡ. ಅದು ಸ್ಥಳೀಯ ಆಡಳಿತವನ್ನು ಊರೆಲ್ಲ ಸೇರಿ ಕೇಳಬೇಕಾದ ಕೆಲಸ. ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು, ಬತ್ತುತ್ತಿದ್ದ ಕೆರೆಯನ್ನು ಉಳಿಸಿಕೊಂಡದ್ದು ಹಾಗೆ ಜೊತೆಗೂಡಿಯೇ. ಸಸಿ ನೆಡುವುದಾದರೆ ಅನುಮತಿ ಪಡೆದು, ಮುಂಗಾರು ಹಿಡಿದ ಮೇಲೆ, ಏರಿಯಿಂದ ದೂರದಲ್ಲಿ ನೆಡಿ. ಮಣ್ಣಿನ ಏರಿಯ ಮೇಲೆಯೇ ಬೆಳೆದ ದೊಡ್ಡ ಮರದ ಬೇರು ಏರಿಯನ್ನು ಸಡಿಲಗೊಳಿಸುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಇದು ಔಷಧಕ್ಕೆ ಬದಲಿಯಲ್ಲ. ವೈದ್ಯರು ಕೊಟ್ಟ ಗುಳಿಗೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ. ರಾತ್ರಿಗಳು ತೀರಾ ಭಾರವಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು.

ಪತ್ರದ ಕೊನೆಯಲ್ಲಿ, ನಿಮ್ಮ ಪತ್ನಿ ತೂಬಿನ ಬಳಿಯ ಹೊಂಗೆಮರದ ಕೆಳಗೆ ಕೂರುತ್ತಿದ್ದರೆಂದೂ ಈಗ ಅಲ್ಲಿಯೂ ಪ್ಲಾಸ್ಟಿಕ್ ತುಂಬಿದೆಯೆಂದೂ ಬರೆದಿದ್ದೀರಿ. ಒಂದು ಗೋಣಿಚೀಲ ಹಿಡಿದು ಅಲ್ಲಿಂದಲೇ ತೊಡಗಬಹುದೇನೋ. ಮರದ ನೆರಳು ಬೀಳುವಷ್ಟು ಜಾಗ, ದಿನಕ್ಕೆ ಅರ್ಧ ಗಂಟೆ. ಒಂದು ತಿಂಗಳು ಕಳೆದ ಮೇಲೆ ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ