ಎತ್ತಿಟ್ಟ ಎಂಜಿನ್ ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ, ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದೋಣಿ ಎಂಜಿನ್ನಿನ ಟಿಲ್ಟ್, ಅಂದರೆ ಎಂಜಿನ್ನನ್ನು ನೀರಿನಿಂದ ಎತ್ತಿ ಇಳಿಸುವ ವ್ಯವಸ್ಥೆಯ ಬಗ್ಗೆಯೇ ಇವೆ. ಮಳೆಗಾಲ ಅಲ್ವಾ, ದೋಣಿಗಳನ್ನು ದಡಕ್ಕೆ ಎಳೆದಿಟ್ಟಿದ್ದಾರೆ, ಈಗಲೇ ರಿಪೇರಿ ನೆನಪಾಗುವುದು. ಮೊದಲ ಪತ್ರಕ್ಕೆ ಉದ್ದವಾಗಿ ಉತ್ತರ ಬರೆದಿದ್ದೇನೆ, ಉಳಿದ ಪ್ರಶ್ನೆಗಳಿಗೂ ಅರ್ಧ ಉತ್ತರ ಅದರಲ್ಲೇ ಇದೆ.

ಪ್ರಶ್ನೆ: ನಮ್ಮದು ಶರಾವತಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಫೈಬರ್ ದೋಣಿ. ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡ 60 ಎಚ್‌ಪಿ ಟೂ ಸ್ಟ್ರೋಕ್ ಓಬಿಎಂ (ದೋಣಿಯ ಹಿಂಬದಿಗೆ ಹೊರಗಡೆ ಕೂರಿಸುವ ಎಂಜಿನ್) ಇದೆ, ಸುಮಾರು 20 ವರ್ಷ ಹಳೆಯದು. ಸ್ವಿಚ್ ಒತ್ತಿದರೆ ಎಂಜಿನ್ ಸರಿಯಾಗಿ ಮೇಲೆ ಏಳುತ್ತದೆ. ಆದರೆ ರಾತ್ರಿ ಎತ್ತಿಟ್ಟು ಹೋದರೆ ಬೆಳಿಗ್ಗೆ ಫ್ಯಾನ್ (ಪ್ರೊಪೆಲ್ಲರ್) ನೀರಲ್ಲಿರುತ್ತದೆ. ಇತ್ತೀಚೆಗೆ ರಿವರ್ಸ್ ಹಾಕಿದಾಗಲೂ ಎಂಜಿನ್ ತಾನಾಗಿ ಮೇಲೆದ್ದು ಬರುತ್ತಿದೆ. ಇಡೀ ಟಿಲ್ಟ್ ಯೂನಿಟ್ ಬದಲಾಯಿಸಿ ಎಂದು ಅಂಗಡಿಯಲ್ಲಿ ಹೇಳಿದರು. ಬೆಲೆ ಕೇಳಿ ವಾಪಸ್ ಬಂದೆ. ರಿಪೇರಿ ಆಗುತ್ತದೆಯೇ?
– ಒಬ್ಬ ಓದುಗರು, ಹೊನ್ನಾವರ

ಉತ್ತರ: ಆಗುತ್ತದೆ. ಯೂನಿಟ್ ಬದಲಾಯಿಸುವ ಮಾತು ಈಗಲೇ ಬೇಡ. ಮೋಟಾರು ತಿರುಗುತ್ತಿದೆ, ಎಂಜಿನ್ ಪೂರ್ತಿ ಏಳುತ್ತಿದೆ ಅಂದರೆ ಪಂಪ್ ಚೆನ್ನಾಗಿದೆ. ದುಬಾರಿ ಭಾಗ ಅದೇ. ನಿಮ್ಮದು ಎಣ್ಣೆ ಹಿಡಿದಿಡಲಾಗದ ತೊಂದರೆ, ಹತ್ತಿಪ್ಪತ್ತು ರೂಪಾಯಿಯ ರಬ್ಬರ್ ಬಳೆ, ಅಂದರೆ ಓ ರಿಂಗ್‌ನಲ್ಲೇ ಮುಗಿದರೂ ಮುಗಿಯಬಹುದು.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಬ್ಯಾಟರಿಯ 12 ವೋಲ್ಟ್‌ನಲ್ಲಿ ಒಂದು ಚಿಕ್ಕ ಮೋಟಾರು ತಿರುಗುತ್ತದೆ, ಅದು ಗೇರ್ ಪಂಪನ್ನು ತಿರುಗಿಸುತ್ತದೆ, ಪಂಪ್ ಎಣ್ಣೆಯನ್ನು ಸಿಲಿಂಡರಿನ ಕೆಳಭಾಗಕ್ಕೆ ತಳ್ಳುತ್ತದೆ, ಪಿಸ್ಟನ್ ಮೇಲೆ ಬರುತ್ತದೆ, ಎಂಜಿನ್ ಏಳುತ್ತದೆ. ಮೋಟಾರು ಉಲ್ಟಾ ತಿರುಗಿದರೆ ಎಣ್ಣೆ ಪಿಸ್ಟನ್‌ನ ಮೇಲಿನ ಬದಿಗೆ ಹೋಗಿ ಎಂಜಿನ್ ಇಳಿಯುತ್ತದೆ. ಸ್ವಿಚ್ ಬಿಟ್ಟ ಮೇಲೆ ಎಂಜಿನ್ನನ್ನು ಹಿಡಿದುಕೊಂಡಿರುವುದು ಎಣ್ಣೆ ಮಾತ್ರ, ಹೊರಗೆ ಹೋಗದಂತೆ ವಾಲ್ವ್‌ಗಳು ಅದನ್ನು ತಡೆದಿರುತ್ತವೆ. ರಿವರ್ಸ್‌ನಲ್ಲಿ ಫ್ಯಾನ್ ಎಂಜಿನ್ನನ್ನು ಹಿಂದಕ್ಕೆ ಎಳೆದಾಗ ಅದು ಏಳದಂತೆ ತಡೆಯುವುದೂ ಮೇಲಿನ ಬದಿಯ ಎಣ್ಣೆಯೇ. ನಿಮ್ಮಲ್ಲಿ ಎರಡೂ ಬದಿ ಕೈಕೊಟ್ಟಿದೆ. ಹಾಗಾಗಿ ಎರಡೂ ಬದಿಗೆ ಸಂಬಂಧಪಟ್ಟ ಒಂದು ಜಾಗದ ಮೇಲೆ ನನಗೆ ಮೊದಲ ಅನುಮಾನ. ಅದು ಕೈಯಲ್ಲಿ ಎತ್ತಿ ಇಳಿಸಲು ಕೊಟ್ಟಿರುವ ರಿಲೀಸ್ ವಾಲ್ವ್.

ಎಂಜಿನ್ನನ್ನು ದೋಣಿಗೆ ಹಿಡಿಸುವ ಬ್ರಾಕೆಟ್ಟಿನ ಪಕ್ಕದಲ್ಲಿ ಒಂದು ರಂಧ್ರ ಇದೆ, ಒಳಗೆ ಮೈನಸ್ ತಲೆಯ ದೊಡ್ಡ ಸ್ಕ್ರೂ ಕಾಣುತ್ತದೆ. ಬ್ಯಾಟರಿ ಸತ್ತಾಗ ಅದನ್ನು ಸಡಿಲ ಮಾಡಿದರೆ ಎಣ್ಣೆ ಒಂದು ಬದಿಯಿಂದ ಇನ್ನೊಂದು ಬದಿಗೆ ಹರಿಯುತ್ತದೆ, ಎಂಜಿನ್ನನ್ನು ಕೈಯಲ್ಲಿ ಎತ್ತಬಹುದು. ಯಾರೋ ಒಮ್ಮೆ ಸಡಿಲ ಮಾಡಿ ಪೂರ್ತಿ ಬಿಗಿ ಮಾಡದೆ ಬಿಟ್ಟಿರುವುದು ಎಷ್ಟು ಸಲ ನೋಡಿದ್ದೇನೋ. ಹಾಗಾಗಿ ಮೊದಲು ಸುಮ್ನೆ ಒಂದು ಸ್ಕ್ರೂಡ್ರೈವರ್ ಹಾಕಿ ಬಿಗಿಯಾಗುವ ದಿಕ್ಕಿಗೆ, ಸಾಮಾನ್ಯವಾಗಿ ಬಲಕ್ಕೆ, ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಇನ್ನಷ್ಟು ಒತ್ತಿ ತಿರುಗಿಸಬೇಡಿ, ಅದರ ತುದಿ ಕೂರುವ ಜಾಗ ಹಾಳಾಗುತ್ತದೆ.

ಬಿಚ್ಚುವ ಮುಂಚೆ ಒಂದು ಮಾತು, ದಯವಿಟ್ಟು ಇದನ್ನು ಹಾರಿಸಿ ಓದಬೇಡಿ. 60 ಎಚ್‌ಪಿ ಎಂಜಿನ್ ನೂರು ಕಿಲೋ ಆಸುಪಾಸು ತೂಗುತ್ತದೆ. ಆ ಸ್ಕ್ರೂ ಬಿಚ್ಚಿದ ಕ್ಷಣ ಅದನ್ನು ಹಿಡಿದಿಡುವುದು ಏನೂ ಇರುವುದಿಲ್ಲ. ಒಮ್ಮೆ ನಾನು ಪಕ್ಕದಲ್ಲೇ ನಿಂತಿದ್ದಾಗ, ಕೆಲಸ ಕಲಿಯಲು ಬಂದಿದ್ದ ಹುಡುಗನೊಬ್ಬ ಎಂಜಿನ್ನಿಗೆ ಆಧಾರ ಕೊಡದೆ ಆ ಸ್ಕ್ರೂ ತಿರುಗಿಸಿದ. ಅವನ ಇನ್ನೊಂದು ಕೈ ಬ್ರಾಕೆಟ್ ನಡುವೆ ಇತ್ತು. ಎರಡು ಬೆರಳು ಜಜ್ಜಿಹೋದವು. ನಾನು ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ, ಅದು ಇವತ್ತಿಗೂ ಮನಸ್ಸಿನಲ್ಲಿದೆ. ಆದ್ದರಿಂದ ಎಂಜಿನ್ನನ್ನು ಪೂರ್ತಿ ಎತ್ತಿ, ಅದರದ್ದೇ ಸಪೋರ್ಟ್ ಲಿವರ್ ಹಾಕಿ, ಅದೊಂದನ್ನೇ ನಂಬದೆ ಚೈನ್ ಬ್ಲಾಕ್ ಅಥವಾ ದಪ್ಪ ಹಗ್ಗದಿಂದ ಮೇಲಿಂದ ತೂಗುಹಾಕಿ, ನಡುವೆ ಗಟ್ಟಿ ಮರದ ತುಂಡು ಇಡಿ. ಬ್ಯಾಟರಿ ವೈರ್ ಬಿಚ್ಚಿ. ಆಮೇಲೆ ಸ್ಕ್ರೂ ಮುಟ್ಟಿ.

ಹಳೆ ಎಂಜಿನ್‌ಗಳಲ್ಲಿ ಉಪ್ಪುನೀರಿಗೆ ಈ ಸ್ಕ್ರೂ ಕಚ್ಚಿಕೊಂಡಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಇನ್ನೊಮ್ಮೆ ಹಾಕಿ. ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಕೂರುವ ಅಗಲದ ಸ್ಕ್ರೂಡ್ರೈವರನ್ನೇ ಬಳಸಿ, ಚಿಕ್ಕದು ಹಾಕಿ ತಲೆ ಕಿತ್ತುಹೋದರೆ ಆಮೇಲೆ ಡ್ರಿಲ್ ಮಾಡಿ ತೆಗೆಯಬೇಕಾಗುತ್ತದೆ. ನಿಧಾನವಾಗಿ ಸಡಿಲವಾಗುವ ದಿಕ್ಕಿಗೆ ತಿರುಗಿಸಿ, ಒತ್ತಡ ಇಳಿಯಲಿ. ಸ್ಕ್ರೂ ಹೊರಗೆ ಬರದಂತೆ ಸಾಮಾನ್ಯವಾಗಿ ಒಂದು ಸರ್ಕ್ಲಿಪ್ (ಬಳೆಯಂಥ ಲಾಕ್ ಕ್ಲಿಪ್) ಇರುತ್ತದೆ, ಅದನ್ನು ತೆಗೆದರೆ ವಾಲ್ವ್ ಕೈಗೆ ಬರುತ್ತದೆ. ಕೆಳಗೆ ತಟ್ಟೆ ಇಟ್ಟಿರಿ.

ಈಗ ಅದರ ಮೇಲಿನ ಓ ರಿಂಗ್‌ಗಳನ್ನು ಉಗುರಿನಿಂದ ಒತ್ತಿ ನೋಡಿ. 20 ವರ್ಷದ ರಬ್ಬರ್ ಪ್ಲಾಸ್ಟಿಕ್ ಥರ ಗಟ್ಟಿಯಾಗಿರುತ್ತದೆ, ಒಂದು ಬದಿ ಚಪ್ಪಟೆಯಾಗಿರುತ್ತದೆ, ಕೆಲವು ಸಲ ತುಂಡಾಗಿಯೇ ಬರುತ್ತದೆ. ಆ ತುಂಡು ಒಳಗೆ ಉಳಿದಿದ್ದರೆ ತೆಗೆಯಲೇಬೇಕು, ಇಲ್ಲದಿದ್ದರೆ ಅದು ಹೋಗಿ ಇನ್ನೊಂದು ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಓ ರಿಂಗ್‌ಗೆ ದೊಡ್ಡ ಊರಿಗೆ ಓಡಬೇಕಿಲ್ಲ. ಜೆಸಿಬಿ ರಿಪೇರಿಯವರಿಗೆ ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಯಲ್ಲಿ ನೈಟ್ರೈಲ್ ರಬ್ಬರಿನ ಓ ರಿಂಗ್ ಕೇಳಿ. ಹಳೆ ರಿಂಗ್ ಅಳತೆ ನಂಬಬೇಡಿ, ಅದು ಹಿಗ್ಗಿರುತ್ತದೆ ಅಥವಾ ಸವೆದಿರುತ್ತದೆ. ವಾಲ್ವನ್ನೇ ತೆಗೆದುಕೊಂಡು ಹೋಗಿ, ರಿಂಗ್ ಕೂರುವ ತೋಡನ್ನು ಅಳೆಸಿ.

ಹೊಸ ರಿಂಗ್‌ಗೆ ಟಿಲ್ಟ್‌ಗೆ ಹಾಕುವ ಎಣ್ಣೆಯನ್ನೇ (ಯಾವುದು ಅಂತ ಕುಂದಾಪುರದ ಪ್ರಶ್ನೆಯ ಉತ್ತರದಲ್ಲಿದೆ) ಸವರಿ ಹಾಕಿ, ವಾಲ್ವ್ ಬಿಗಿ ಮಾಡಿ, ಎಣ್ಣೆ ತುಂಬಿಸಿ. ಇಲ್ಲಿ ತಪ್ಪು ಮಾಡುವವರು ಜಾಸ್ತಿ. ಟಿಲ್ಟ್ ಎಣ್ಣೆಯ ಟ್ಯಾಂಕಿನ ಮುಚ್ಚಳವನ್ನು ಎಂಜಿನ್ ಪೂರ್ತಿ ಮೇಲಿದ್ದಾಗ ಮಾತ್ರ ತೆಗೆಯಬೇಕು. ಇಳಿಸಿದಾಗ ತೆಗೆದರೆ ಎಣ್ಣೆ ಮುಖಕ್ಕೆ ಚಿಮ್ಮಬಹುದು, ಅಲ್ಲದೆ ಅಳತೆಯೂ ತಪ್ಪುತ್ತದೆ. ಮೇಲಿದ್ದಾಗ ಎಣ್ಣೆ ತುಂಬುವ ರಂಧ್ರದ ಕೆಳ ಅಂಚಿಗೆ ಬಂದರೆ ಸಾಕು. ಮುಚ್ಚಳ ಹಾಕಿ, ಮರದ ತುಂಡು, ಹಗ್ಗ, ಲಿವರ್ ಎಲ್ಲ ತೆಗೆದು, ಬ್ಯಾಟರಿ ಜೋಡಿಸಿ, ನಾಲ್ಕೈದು ಸಲ ಪೂರ್ತಿ ಇಳಿಸಿ ಎತ್ತಿ. ಪ್ರತಿ ಸಲ ಸ್ವಲ್ಪ ಹೊತ್ತು ಬಿಟ್ಟು ಮಾಡಿ, ಮೋಟಾರು ಬಿಸಿಯಾಗುತ್ತದೆ. ಒಳಗಿನ ಗಾಳಿ ಟ್ಯಾಂಕಿಗೆ ಬಂದು ಸೇರುತ್ತದೆ, ಎಣ್ಣೆಯ ಮಟ್ಟ ಇಳಿಯುತ್ತದೆ. ಮತ್ತೆ ಎತ್ತಿ, ಆಧಾರ ಕೊಟ್ಟು, ತುಂಬಿಸಿ. ಗಾಳಿ ಇರುವವರೆಗೂ ಎಂಜಿನ್ ಸ್ಪಂಜಿನ ಮೇಲೆ ಕೂತಹಾಗೆ ಕುಣಿಯುತ್ತದೆ, ಕೈಯಲ್ಲಿ ಅಲ್ಲಾಡಿಸಿದರೆ ಗೊತ್ತಾಗುತ್ತದೆ.

ಆಮೇಲೂ ಇಳಿದರೆ? ಟಿಲ್ಟ್ ಸುತ್ತ ಪೂರ್ತಿ ತೊಳೆದು ಒರೆಸಿ, ಕೆಳಗೆ ಒಂದು ರಟ್ಟು ಹಾಸಿ ರಾತ್ರಿ ಬಿಡಿ. ರಟ್ಟಿನ ಮೇಲೆ ಎಣ್ಣೆ ಬಿದ್ದಿದ್ದರೆ ಸೋರಿಕೆ ಹೊರಗಿನದು, ಸಾಧಾರಣವಾಗಿ ಪಿಸ್ಟನ್ ರಾಡ್ ಹೊರಬರುವ ಜಾಗದ ಸೀಲ್. ರಟ್ಟು ಒಣಗಿದ್ದು ಎಂಜಿನ್ ಮಾತ್ರ ಇಳಿದಿದ್ದರೆ ಎಣ್ಣೆ ಒಳಗೊಳಗೇ ಜಾರುತ್ತಿದೆ. ಪಂಪಿನ ಪಕ್ಕದ ಚೆಕ್ ವಾಲ್ವಿನಲ್ಲಿ (ಎಣ್ಣೆಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಕಸ ಕೂತಿರಬಹುದು, ಇಲ್ಲವೇ ಪಿಸ್ಟನ್‌ನ ಓ ರಿಂಗ್ ಹೋಗಿರಬಹುದು, ಅಥವಾ ಪಿಸ್ಟನ್ ಒಳಗಿರುವ ಆಘಾತ ತಡೆಯುವ ವಾಲ್ವ್‌ಗಳು ಸರಿಯಾಗಿ ಮುಚ್ಚದಿರಬಹುದು. ಅವು ಯಾಕಿವೆ ಅಂದರೆ, ಓಡುವಾಗ ನೀರಿನೊಳಗಿರುವ ಎಂಜಿನ್ನಿನ ಕಾಲು ಮರಳು ದಿಬ್ಬಕ್ಕೋ ಮುಳುಗಿದ ಮರಕ್ಕೋ ಬಡಿದರೆ ಎಣ್ಣೆ ಒಮ್ಮೆಲೇ ದಾರಿ ಬಿಡಬೇಕು, ಎಂಜಿನ್ ಮೇಲೆ ಹಾರಬೇಕು, ಇಲ್ಲದಿದ್ದರೆ ದೋಣಿಯ ಹಿಂಬದಿಯೇ ಒಡೆಯುತ್ತದೆ. ನಿಮ್ಮ ಕಡೆ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕಾಲು ತಾಗುವುದು ಹೊಸದಲ್ಲ.

ಇದಕ್ಕೆ ಸಿಲಿಂಡರ್ ಬಿಚ್ಚಬೇಕು. ಸಿಲಿಂಡರಿನ ಮುಚ್ಚಳದಲ್ಲಿ ಎರಡು ಅಥವಾ ಹೆಚ್ಚು ಚಿಕ್ಕ ರಂಧ್ರ ಇರುತ್ತವೆ, ಅದಕ್ಕೆ ಕೂರುವ ಪಿನ್ ಸ್ಪ್ಯಾನರ್ ಬೇಕು. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯಬೇಡಿ. ದಪ್ಪ ಕಬ್ಬಿಣದ ಪಟ್ಟಿಗೆ ಎರಡು ಗಟ್ಟಿ ಪಿನ್ ಕೂರಿಸಿ ಲೇತ್ ಅಂಗಡಿಯವರು ಮಾಡಿಕೊಡುತ್ತಾರೆ. ಬರದಿದ್ದರೆ ಸಿಲಿಂಡರಿನ ಹೊರಮೈಯನ್ನು ಹದವಾಗಿ ಬಿಸಿ ಮಾಡಿ. ಆದರೆ ಮೊದಲು ಒಳಗಿನ ಎಣ್ಣೆ, ಒತ್ತಡ ಪೂರ್ತಿ ತೆಗೆದಿರಬೇಕು. ಪಿಸ್ಟನ್ ಬಿಚ್ಚುವಾಗ ಅಗಲದ ಟ್ರೇ ಒಳಗೆ ಬಿಳಿ ಬಟ್ಟೆ ಹಾಸಿ ಬಿಚ್ಚಿ. ಚಿಕ್ಕ ಉಕ್ಕಿನ ಗುಂಡುಗಳು, ಸ್ಪ್ರಿಂಗುಗಳು ಹಾರಿ ಬೀಳುತ್ತವೆ, ಒಂದು ಕಳೆದರೂ ಕೆಲಸ ನಿಂತಹಾಗೆ. ಮೊಬೈಲ್‌ನಲ್ಲಿ ಒಂದೊಂದು ಹಂತದ ಫೋಟೊ ತೆಗೆದುಕೊಳ್ಳಿ. ಒರೆಸಲು ಕಾಟನ್ ವೇಸ್ಟ್ ಬೇಡ, ಅದರ ಒಂದು ಎಳೆ ಸಾಕು ವಾಲ್ವ್ ತೆರೆದೇ ಉಳಿಯಲು.

ರಾಡ್ ಮೇಲೆ ಬೆರಳು ಎಳೆದು ನೋಡಿ. ಚುಕ್ಕೆ ಚುಕ್ಕೆಯಾಗಿ ತುಕ್ಕಿನ ಗುಂಡಿ ಬಿದ್ದಿದ್ದರೆ ಹೊಸ ಸೀಲ್ ಹಾಕಿ ಪ್ರಯೋಜನವಿಲ್ಲ, ಅದು ಅರದ ಹಾಗೆ ಸೀಲನ್ನು ತಿನ್ನುತ್ತದೆ. ತೀರಾ ಸಣ್ಣ ಗುರುತಾದರೆ 1000 ನಂಬರಿನ ಮೇಲಿನ ನೀರು ಕಾಗದದಲ್ಲಿ (ನಯವಾದ ಉಜ್ಜುಕಾಗದ) ಎಣ್ಣೆ ಹಾಕಿ ಉಜ್ಜಬಹುದು. ಆಳವಾಗಿದ್ದರೆ ಹಾರ್ಡ್ ಕ್ರೋಮ್ ಲೇಪನ ಮಾಡಿಸಬೇಕು. ಸಿಲಿಂಡರ್ ಒಳಗೋಡೆಯಲ್ಲೇ ಆಳದ ಗೀರು ಇದ್ದರೆ ಮಾತ್ರ ನಿಮ್ಮ ಅಂಗಡಿಯವರು ಹೇಳಿದ್ದು ಸರಿ, ಆಗ ಹಳೆ ಎಂಜಿನ್ನಿನಿಂದ ಬಿಚ್ಚಿದ ಒಳ್ಳೆ ಸಿಲಿಂಡರ್ ಹುಡುಕಿ.

ಪ್ರಶ್ನೆ: ಸ್ವಿಚ್ ಒತ್ತಿದರೆ ಟಕ್ ಅಂತ ಸದ್ದು ಬರುತ್ತದೆ, ಆದರೆ ಎಂಜಿನ್ ಏಳುವುದೂ ಇಲ್ಲ, ಇಳಿಯುವುದೂ ಇಲ್ಲ. ಎಣ್ಣೆ ಪೂರ್ತಿ ಬದಲಾಯಿಸಿದೆ, ಏನೂ ಆಗಲಿಲ್ಲ.
– ಒಬ್ಬ ಓದುಗರು, ಕಾರವಾರ

ಉತ್ತರ: ಎಣ್ಣೆಯದ್ದಲ್ಲ, ಇದು ಕರೆಂಟಿನ ತೊಂದರೆ. ಟಕ್ ಅನ್ನುವುದು ರಿಲೇ (ಸ್ವಿಚ್ ಒತ್ತಿದಾಗ ಮೋಟಾರಿಗೆ ಕರೆಂಟ್ ಬಿಡುವ ಭಾಗ) ಸದ್ದು, ಅಂದರೆ ಸ್ವಿಚ್ ಕೆಲಸ ಮಾಡುತ್ತಿದೆ. ಎಂಜಿನ್ ಇಳಿಸಿ ಇಟ್ಟುಕೊಂಡು ಮಲ್ಟಿಮೀಟರ್ ಹಿಡಿಯಿರಿ. ಟಿಲ್ಟ್ ಮೋಟಾರಿಗೆ ಹೋಗುವ ಎರಡು ದಪ್ಪ ವೈರ್ ನೋಡಿ, ಬಹಳಷ್ಟು ಎಂಜಿನ್‌ಗಳಲ್ಲಿ ನೀಲಿ ಎತ್ತಲು, ಹಸಿರು ಇಳಿಸಲು. ಒಬ್ಬರು ಸ್ವಿಚ್ ಒತ್ತಿ ಹಿಡಿದಿರಲಿ, ನೀವು ಆ ಎರಡು ವೈರ್ ನಡುವೆ ಅಳೆಯಿರಿ. 12 ವೋಲ್ಟ್ ಹತ್ತಿರ ಬಂದೂ ಮೋಟಾರು ತಿರುಗದಿದ್ದರೆ ಮೋಟಾರು ಬಿಚ್ಚಬೇಕು. ತೀರಾ ಕಡಿಮೆ ಬಂದರೆ ಬ್ಯಾಟರಿ, ಟರ್ಮಿನಲ್, ಅರ್ತ್ ವೈರ್, ರಿಲೇ ಒಳಗಿನ ಕಾಂಟ್ಯಾಕ್ಟ್, ಈ ನಾಲ್ಕರಲ್ಲಿ ಒಂದು. ನಮ್ಮ ಕರಾವಳಿಯ ಗಾಳಿಗೆ ವೈರಿನ ಮೇಲೆ ಪ್ಲಾಸ್ಟಿಕ್ ಹೊಸದರಂತಿದ್ದರೂ ಒಳಗೆ ತಾಮ್ರ ಹಸಿರು ಪುಡಿಯಾಗಿರುತ್ತದೆ, ಬಗ್ಗಿಸಿ ನೋಡಿ.

ಇನ್ನೂ ಖಾತ್ರಿ ಬೇಕಿದ್ದರೆ ಆ ಎರಡು ವೈರನ್ನು ರಿಲೇಯಿಂದ ಬಿಡಿಸಿ, ದಪ್ಪ ವೈರಿನಿಂದ ನೇರ ಬ್ಯಾಟರಿಗೆ ಒಂದು ಕ್ಷಣ ಮುಟ್ಟಿಸಿ. ಉಲ್ಟಾ ಮುಟ್ಟಿಸಿದರೆ ಮೋಟಾರು ಉಲ್ಟಾ ತಿರುಗಬೇಕು. ಕಿಡಿ ಹಾರುತ್ತದೆ, ಪೆಟ್ರೋಲ್ ಟ್ಯಾಂಕ್ ದೂರ ಇಟ್ಟು ಮಾಡಿ. ಮೋಟಾರು ಸತ್ತಿದ್ದರೆ ಒಳಗೆ ನೀರು ಹೋಗಿ ಕಾರ್ಬನ್ ಬ್ರಶ್ ಸಿಕ್ಕಿಕೊಂಡಿರುವುದೇ ಜಾಸ್ತಿ. ಗಾಡಿಗಳ ಸ್ಟಾರ್ಟರ್ ಮೋಟಾರು ರಿಪೇರಿ ಮಾಡುವವರು ಇದನ್ನೂ ಮಾಡುತ್ತಾರೆ. ವಾಪಸ್ ಕೂರಿಸುವಾಗ ಮೋಟಾರಿನ ಬುಡದ ಓ ರಿಂಗ್ ಹೊಸದು ಹಾಕಿ, ವೈರ್ ಒಳಹೋಗುವ ಜಾಗದ ರಬ್ಬರ್ ನೋಡಿ. ನೀರು ಹೋದದ್ದು ಅಲ್ಲಿಂದಲೇ, ಅದನ್ನು ಬಿಟ್ಟು ಬ್ರಶ್ ಮಾತ್ರ ಬದಲಾಯಿಸಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಪತ್ರ ಬರೆಯುತ್ತೀರಿ.

ಪ್ರಶ್ನೆ: ಟಿಲ್ಟ್‌ಗೆ ಬ್ರೇಕ್ ಆಯಿಲ್ ಹಾಕಬಹುದಾ? ನಮ್ಮಲ್ಲಿ ಒಬ್ಬರು ಹಾಕಿಬಿಟ್ಟಿದ್ದಾರೆ.
– ಒಬ್ಬ ಓದುಗರು, ಕುಂದಾಪುರ

ಉತ್ತರ: ಹಾಕಲೇಬಾರದು. ಕಾರು, ಬೈಕಿನ ಸಾಮಾನ್ಯ ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯದು, ಟಿಲ್ಟ್‌ನ ನೈಟ್ರೈಲ್ ಸೀಲ್‌ಗಳು ಅದರಲ್ಲಿ ಉಬ್ಬಿ ಮೆತ್ತಗಾಗುತ್ತವೆ. ಎಂಜಿನ್ನಿನ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿ. ಹಳೆಯ ಎಷ್ಟೋ ಎಂಜಿನ್‌ಗಳಿಗೆ ಅದು ಆಟೊಮ್ಯಾಟಿಕ್ ಗೇರ್‌ನ ಎಟಿಎಫ್ ಎಣ್ಣೆ, ಡೆಕ್ಸ್ರಾನ್ ದರ್ಜೆಯದು, ಕೆಂಪು ಬಣ್ಣ. ಕೆಲವು ಕಂಪನಿಗಳದ್ದು ಬೇರೆ, ಹಾಗಾಗಿ ಪುಸ್ತಕ ನೋಡದೆ ಸುರಿಯಬೇಡಿ. ನಿಮ್ಮದಕ್ಕೆ ಈಗಾಗಲೇ ಬ್ರೇಕ್ ಆಯಿಲ್ ಹೋಗಿದ್ದರೆ ಸ್ವಿಚ್ ಮುಟ್ಟಬೇಡಿ. ಪೂರ್ತಿ ಖಾಲಿ ಮಾಡಿ, ಬಿಚ್ಚಿ ತೊಳೆದು, ಎಲ್ಲಾ ಸೀಲ್ ಹೊಸದು ಹಾಕಿ. ಒಂದೆರಡು ದಿನದಲ್ಲೇ ಗೊತ್ತಾಗಿದ್ದರೆ ಪಂಪ್ ಉಳಿಯುವ ಸಾಧ್ಯತೆ ಚೆನ್ನಾಗಿದೆ.

ಪ್ರಶ್ನೆ: ಹಳೆ 40 ಎಚ್‌ಪಿ ಎಂಜಿನ್ ಒಂದು ನೋಡಿದ್ದೇನೆ. ಇಷ್ಟು ದಿನ ನಾಡದೋಣಿಯ 9.9 ಎಚ್‌ಪಿ ಎಂಜಿನ್ನನ್ನು ಕೈಯಲ್ಲೇ ಎತ್ತಿ ಅಭ್ಯಾಸ, ಟಿಲ್ಟ್ ಬಗ್ಗೆ ಗೊತ್ತಿಲ್ಲ. ಕೊಳ್ಳುವ ಮುಂಚೆ ಹೇಗೆ ಪರೀಕ್ಷಿಸಲಿ?
– ಒಬ್ಬ ಓದುಗರು, ಬೈಂದೂರು

ಉತ್ತರ: ಎರಡು ಸಲ ಹೋಗಬೇಕು, ಒಂದೇ ಸಲ ಹೋಗಿ ದುಡ್ಡು ಕೊಡಬೇಡಿ. ಸಂಜೆ ಹೋಗಿ ಎಂಜಿನ್ ಪೂರ್ತಿ ಎತ್ತಿಸಿ. ಆ ಹೊತ್ತಿಗೆ ರಾಡ್ ಹೊರಗಿರುತ್ತದೆ, ಗುಂಡಿ ಬಿದ್ದಿದೆಯಾ ನೋಡಿ. ಸಪೋರ್ಟ್ ಲಿವರ್ ಹಾಕಿಸಿ ಎಣ್ಣೆ ಮುಚ್ಚಳ ತೆಗೆಸಿ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಒಳಗೆಲ್ಲ ತುಕ್ಕು ಹಿಡಿದಿರಬಹುದು. ಮುಚ್ಚಳ ಹಾಕಿ, ಲಿವರ್ ತೆಗೆಸಿ, ಎಂಜಿನ್ನನ್ನು ಅರ್ಧಕ್ಕೆ ಇಳಿಸಿ ನಿಲ್ಲಿಸಿ. ರಾಡ್ ಹೊರಗೆ ಕಾಣುವ ಉದ್ದವನ್ನು ಅಳತೆ ಪಟ್ಟಿಯಲ್ಲಿ ಅಳೆದು ಬರೆದುಕೊಳ್ಳಿ. ರಾತ್ರಿ ಯಾರೂ ಅದರ ಕೆಳಗೆ ಕೈ ಹಾಕಬಾರದು, ಮಕ್ಕಳು ಹತ್ತಿರ ಹೋಗಬಾರದು ಅಂತ ಹೇಳಿ ಬನ್ನಿ. ಬೆಳಿಗ್ಗೆ ಹೋಗಿ ಮತ್ತೆ ಅಳೆಯಿರಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕು ಬೆರಳು ಇಳಿದಿದ್ದರೆ ಮೊದಲ ಉತ್ತರದಲ್ಲಿ ಬರೆದ ಕೆಲಸ ಅಷ್ಟೂ ಅಲ್ಲಿ ಕಾದಿದೆ, ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.