‘ಮತ ಹಾಕಿದ್ರಾ?’ ಅಂದರೆ ಎಲ್ಲರೂ ‘ಹೌದು’ ಅನ್ನೋದೇಕೆ?

ವಿದ್ಯಾರ್ಥಿಗಳಿಂದ ಸಮೀಕ್ಷೆ ಮಾಡಿಸಿದಾಗ ಮತ ಹಾಕಿದೆವು ಎಂದವರ ಪ್ರಮಾಣ ಅಧಿಕೃತ ಲೆಕ್ಕಕ್ಕಿಂತ ತುಂಬ ಹೆಚ್ಚು ಬಂತು, ತಪ್ಪಿದ್ದೆಲ್ಲಿ ಎಂದು ಕೇಳಿದ್ದೀರಿ. ವಿದ್ಯಾರ್ಥಿಗಳನ್ನು ಬೈಯಬೇಡಿ, ಇದು ಹಳೇ ಕಾಯಿಲೆ.

ಮೊದಲು ಛೇದ ನೋಡಿ, ಅಂದರೆ ಶೇಕಡಾವಾರು ತೆಗೆಯಲು ಯಾವ ಒಟ್ಟು ಸಂಖ್ಯೆಯಿಂದ ಭಾಗಿಸಿದ್ದಾರೆ ಎಂದು. ಅಧಿಕೃತ ಶೇಕಡಾವಾರು ಪಟ್ಟಿಯಲ್ಲಿರುವ ಮತದಾರರ ಮೇಲೋ, ವಯಸ್ಕರೆಲ್ಲರ ಮೇಲೋ? ನಿಮ್ಮ ಮಾದರಿ ಇನ್ನೊಂದಾಗಿದ್ದರೆ ಹೋಲಿಕೆಯೇ ಸಲ್ಲದು.

ಅದು ಸರಿಯಿದ್ದೂ ಅಂತರ ಉಳಿದರೆ ಕಾರಣ ಎರಡು. ಮತ ಹಾಕದವರು ಮುಜುಗರಕ್ಕೆ ‘ಹಾಕಿದೆ’ ಅನ್ನುತ್ತಾರೆ. ರಾಜಕೀಯದಲ್ಲಿ ಆಸಕ್ತಿ ಇರುವವರೇ ಸಮೀಕ್ಷೆಗೂ ಹೆಚ್ಚಾಗಿ ಒಪ್ಪುತ್ತಾರೆ. ಮಾದರಿ ದೊಡ್ಡದು ಮಾಡಿದರೆ ಇವೆರಡೂ ಹೋಗುವುದಿಲ್ಲ. 1,067 ಜನರನ್ನು ಕೇಳಿದರೆ ಫಲಿತಾಂಶ ಸುಮಾರು 3 ಶೇಕಡಾ ಅಂಶ ಆಚೀಚೆ (±3) ಇರಬಹುದು ಎಂಬ ಲೆಕ್ಕ ಬರೀ ಆಕಸ್ಮಿಕ ದೋಷದ್ದು, ಅದೂ ಆಯ್ಕೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿದ್ದರೆ.

ಮುಜುಗರಕ್ಕೆ ಮದ್ದು ಪ್ರಶ್ನೆಯಲ್ಲೇ ಇದೆ. ‘ಕಾಯಿಲೆ, ಕೆಲಸ, ಪಟ್ಟಿಯಲ್ಲಿ ಹೆಸರಿಲ್ಲದ್ದು ಮುಂತಾದ ಕಾರಣಕ್ಕೆ ಅನೇಕರಿಗೆ ಮತ ಹಾಕಲು ಆಗಲಿಲ್ಲ’ ಎಂದು ಶುರುಮಾಡಿ ನಾಲ್ಕು ಉತ್ತರ ಕೊಡಿ: ‘ಹಾಕಲಿಲ್ಲ’, ‘ಹಾಕಬೇಕೆಂದಿದ್ದೆ, ಆಗಲಿಲ್ಲ’, ‘ಯಾವಾಗಲೂ ಹಾಕುತ್ತೇನೆ, ಈ ಸಲ ಇಲ್ಲ’, ‘ಖಂಡಿತ ಹಾಕಿದ್ದೇನೆ’. ಸುಳ್ಳು ಪೂರ್ತಿ ನಿಲ್ಲದಿದ್ದರೂ, ಮಧ್ಯದ ಎರಡು ಉತ್ತರಗಳು ಮರ್ಯಾದೆ ಉಳಿಸಿಕೊಂಡೇ ನಿಜ ಹೇಳಲು ದಾರಿ ಕೊಡುತ್ತವೆ. ಯಾರು ಮತ ಹಾಕಿದರೆಂಬ ದಾಖಲೆ ಸಂಶೋಧಕರಿಗೆ ಕಾನೂನುಬದ್ಧವಾಗಿ ಸಿಗುವ ಕಡೆ, ಉತ್ತರವನ್ನು ಅದರ ಜೊತೆ ತಾಳೆ ನೋಡುವುದು ಇನ್ನೂ ಮೇಲು.

ಮತದಾನ ಹೆಚ್ಚಿಸುವುದು ಯಾವುದು ಎಂದು ತಿಳಿಯಬೇಕಿದ್ದರೆ ಮಾತ್ರ ಸಮೀಕ್ಷೆ ಸಾಲದು, ಪ್ರಯೋಗ ಬೇಕು. ಪಾಠಕ್ಕೆ ನನ್ನ ಆಯ್ಕೆ ಅಮೆರಿಕದ ಮಿಷಿಗನ್‌ನಲ್ಲಿ 2006ರ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ) ಚುನಾವಣೆಗೆ ಮುಂಚೆ ರಾಜಕೀಯ ವಿಜ್ಞಾನಿಗಳಾದ ಗರ್ಬರ್, ಗ್ರೀನ್, ಲಾರಿಮರ್ ನಡೆಸಿದ್ದು. ಚೀಟಿ ಎತ್ತಿದಂತೆ ಆರಿಸಿದ ಮನೆಗಳಿಗೆ ಬೇರೆ ಬೇರೆ ಪತ್ರ ಕಳಿಸಿ, ಆಮೇಲೆ ಯಾರು ಮತ ಹಾಕಿದರೆಂದು ದಾಖಲೆಯಲ್ಲಿ ನೋಡಿದರು. ಪತ್ರವೇ ಹೋಗದವರಲ್ಲಿ ಮತದಾನ ಶೇ. 29.7. ನಾಗರಿಕ ಕರ್ತವ್ಯ ನೆನಪಿಸಿದ ಪತ್ರ ಹೋದವರಲ್ಲಿ ಶೇ. 31.5. ಮನೆಯವರ ಮತ್ತು ನೆರೆಹೊರೆಯವರ ಮತದಾನದ ದಾಖಲೆ ತೋರಿಸಿ, ಚುನಾವಣೆ ಮುಗಿದ ಮೇಲೆ ಹೊಸ ದಾಖಲೆಯನ್ನೂ ಕಳಿಸುತ್ತೇವೆ ಎಂದ ಪತ್ರ ಹೋದವರಲ್ಲಿ ಶೇ. 37.8. ಉಪದೇಶಕ್ಕಿಂತ ನಾಚಿಕೆಗೆ ಬಲ ಹೆಚ್ಚು! ಆದರೆ ಆ ಕೊನೆಯ ಪತ್ರವನ್ನು ತರಗತಿಯಲ್ಲಿ ಅನುಕರಿಸಬೇಡಿ, ಜನರಿಗೆ ಅದು ಬೆದರಿಕೆಯಂತೆ ಕಾಣುತ್ತದೆ.

ಹೊಸಬರು ಎಡವುವ ಜಾಗ ಇನ್ನೊಂದಿದೆ. ಒಂದು ಮನೆಗೆ ಬಂದ ಪತ್ರವನ್ನು ಮನೆಮಂದಿಯೆಲ್ಲ ಓದುತ್ತಾರೆ. ಹಾಗಾಗಿ ಯಾರಿಗೆ ಯಾವ ಪತ್ರ ಎಂದು ಚೀಟಿ ಎತ್ತುವುದು ವ್ಯಕ್ತಿಗಳ ಹೆಸರಿನಲ್ಲಲ್ಲ, ಮನೆಗಳ ಲೆಕ್ಕದಲ್ಲಿ. ವಿಶ್ಲೇಷಣೆಯಲ್ಲೂ ಒಂದು ಮನೆಯವರನ್ನು ಒಂದೇ ಗುಚ್ಛವಾಗಿ ಹಿಡಿಯದಿದ್ದರೆ, ದೋಷದ ಅಂದಾಜು ಇರಬೇಕಾದ್ದಕ್ಕಿಂತ ಕಮ್ಮಿ ಬರುತ್ತದೆ.